ಎರಡು ವರ್ಷದಿಂದ ರೆಪ್ಪೆಯಂಚಿನಲ್ಲಿ ಉರಿ, ಬೆಳಿಗ್ಗೆ ಎದ್ದರೆ ಗೀಜು: ಮನೆಮದ್ದುಗಳಲ್ಲಿ ನಿಜವಾಗಿ ಕೆಲಸ ಮಾಡುವುದು ಯಾವುದು?

ವಿಜಯನಗರದ ಲೆಕ್ಕಿಗ (ಭಾನುವಾರ, ರಾತ್ರಿ 9:42)

ಎಲ್ಲರಿಗೂ ನಮಸ್ಕಾರ. ಇಲ್ಲಿ ಹಲ್ಲುನೋವಿನಿಂದ ಹಿಡಿದು ಬಾಡಿಗೆ ಮನೆಯ ಮುಂಗಡದವರೆಗೆ ಎಲ್ಲದಕ್ಕೂ ಉತ್ತರ ಸಿಕ್ಕಿದ್ದನ್ನು ನೋಡಿದ್ದೇನೆ. ಆ ಧೈರ್ಯದಿಂದ ಬರೆಯುತ್ತಿದ್ದೇನೆ.

ನನಗೆ 41 ವರ್ಷ. ಲೆಕ್ಕಪತ್ರದ ಕೆಲಸ, ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಕಂಪ್ಯೂಟರ್ ಮುಂದೆ. ಜಿಎಸ್‌ಟಿ ವಿವರ ಸಲ್ಲಿಸುವ ವಾರ ಬಂದರೆ ಎಂಟು ಹೋಗಿ ಹತ್ತಾಗುತ್ತದೆ. ಎರಡು ವರ್ಷದಿಂದ ಎರಡೂ ಕಣ್ಣಿನ ರೆಪ್ಪೆಯಂಚು ಕೆಂಪಗಿದೆ. ರಾತ್ರಿಯ ಗೀಜು ಒಣಗಿ ಎವೆಗಳು ಅಂಟಿಕೊಂಡಿರುತ್ತವೆ, ಬೆಳಿಗ್ಗೆ ಗೋಡೆ ತಡವಿಕೊಂಡು ಬಚ್ಚಲಿಗೆ ಹೋಗುತ್ತೇನೆ. ಮಧ್ಯಾಹ್ನಕ್ಕೆ ಮರಳು ಬಿದ್ದ ಹಾಗೆ ಚುಚ್ಚುತ್ತದೆ. ಸಂಜೆಗೆ ಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಉಜ್ಜಿಕೊಂಡಂಥ ಉರಿ. ಈ ನಡುವೆ ಮೂರು ಸಲ ರೆಪ್ಪೆಯ ಮೇಲೆ ಕುರು ಎದ್ದು ಹೋಗಿದೆ.

ವೈದ್ಯರು ನೋಡಿ, ಇದು ಬ್ಲೆಫರೈಟಿಸ್, ರೆಪ್ಪೆಯ ಉರಿಯೂತ, ಬೇರುಸಹಿತ ಹೋಗುವುದಿಲ್ಲ, ಹತೋಟಿಯಲ್ಲಿಡಬಹುದು ಎಂದರು. ಮುಲಾಮು ಬರೆದುಕೊಟ್ಟರು. ಹದಿನೈದು ದಿನ ಚೆನ್ನಾಗಿತ್ತು. ನಿಲ್ಲಿಸಿದ ಮೇಲೆ ಮತ್ತೆ ಅದೇ ರಾಗ, ಅದೇ ಹಾಡು.

ಸಲಹೆಗಳಿಗಂತೂ ಬರವಿಲ್ಲ. ತಿಪಟೂರಿನ ಅತ್ತೆ ಹರಳೆಣ್ಣೆ ಎನ್ನುತ್ತಾರೆ. ಪಕ್ಕದ ಮನೆಯವರು ನಂದಿಬಟ್ಟಲು ಹೂವಿನ ರಸ ಬಿಡಿ ಎನ್ನುತ್ತಾರೆ. ಕಚೇರಿಯ ಹುಡುಗ ಟೀ ಟ್ರೀ ಎಣ್ಣೆ ಎಂದ, ಅದನ್ನು ತರಿಸಿಯೂ ಆಗಿದೆ, ಇನ್ನೂ ಮುಚ್ಚಳ ತೆಗೆದಿಲ್ಲ. ನನ್ನ ಹೆಂಡತಿಯ ಮದ್ದು ಒಂದೇ: "ಮೊದಲು ಆ ಮೊಬೈಲ್ ಕೆಳಗಿಡಿ."

ನಿಮ್ಮಲ್ಲಿ ಯಾರಿಗಾದರೂ ಇದು ಬಂದು, ಮನೆಯಲ್ಲೇ ಏನಾದರೂ ಮಾಡಿ ತಹಬಂದಿಗೆ ತಂದಿದ್ದರೆ ದಯವಿಟ್ಟು ಹೇಳಿ.

ಟೌನ್‌ಹಾಲ್ ತಿರುವು (9:50)

ಮನೆಯವರ ಮದ್ದೇ ಸರಿ. ಚರ್ಚೆ ಮುಗಿಯಿತು.

ಮಲ್ಲೇಶ್ವರದ ಪದ್ಮಕ್ಕ (10:05)

ನಿಮ್ಮ ಅತ್ತೆ ಹೇಳಿದ್ದು ಸುಳ್ಳಲ್ಲ ಕಣಪ್ಪ. ನಮ್ಮ ತಾಯಿ ಶನಿವಾರದ ಎಣ್ಣೆಸ್ನಾನಕ್ಕೆ ಮುಂಚೆ ನೆತ್ತಿಗೆ, ಅಂಗಾಲಿಗೆ, ಕಣ್ಣಿನ ಮೇಲೆ ಹರಳೆಣ್ಣೆ ಹಚ್ಚುತ್ತಿದ್ದರು. ನಾನು ಈಗಲೂ ಮಲಗುವ ಮುಂಚೆ ಬೆರಳ ತುದಿಗೆ ಅರ್ಧ ತೊಟ್ಟು ತೆಗೆದುಕೊಂಡು ಮುಚ್ಚಿದ ರೆಪ್ಪೆಯ ಮೇಲೆ ಸವರಿಕೊಳ್ಳುತ್ತೇನೆ. ಬೆಳಿಗ್ಗೆ ಕಣ್ಣು ಹಗುರ. ಒಳಗೆ ಮಾತ್ರ ಬಿಡಬೇಡಿ, ಇಡೀ ದಿನ ಮಂಜು ಕವಿದ ಹಾಗಿರುತ್ತದೆ.

ನಮ್ಮ ಮನೆಯಲ್ಲಿ ಗೀಜಿಗೆ ಪಿಸಿರು ಎನ್ನುತ್ತೇವೆ. ಗೀಜು ಎಂದರೆ ಯಾಕೋ ಅಸಹ್ಯವಾಗುತ್ತದೆ.

ಪದಪ್ರಿಯ ಶಿವಮೊಗ್ಗ, ಈಗ ಯಲಹಂಕ (10:11)

ನಮ್ಮಲ್ಲಿ ಪಿಚ್ಚು. ಪಿಸಿರು ಎಂದರೆ ಅಸಹ್ಯವಾಗುವುದಿಲ್ಲವೇ ಅಕ್ಕ?

ಕೋರಮಂಗಲ ಕೀಲಿಮಣೆ (10:30)

ಲೆಕ್ಕಿಗರೇ, ಆ ಟೀ ಟ್ರೀ ಬಾಟಲಿಯ ಮುಚ್ಚಳ ತೆಗೆಯಬೇಡಿ. ನನ್ನ ಕಥೆ ಕೇಳಿ.

ಹೋದ ವರ್ಷ ನನಗೂ ಇದೇ ಆಗಿತ್ತು. ಯಾವುದೋ ವಿಡಿಯೊ ನೋಡಿ, ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅಚ್ಚ ಟೀ ಟ್ರೀ ಎಣ್ಣೆಯಲ್ಲಿ ಅದ್ದಿ ಎವೆಗಳ ಬುಡಕ್ಕೆ ಎಳೆದೆ. ಒಂದು ಕ್ಷಣ ಪುದೀನದಂಥ ತಂಪು. ಆಮೇಲೆ ಆದದ್ದನ್ನು ಹೇಳಲು ಮಾತಿಲ್ಲ. ನಲ್ಲಿಯ ಕೆಳಗೆ ಅರ್ಧ ಗಂಟೆ ಮುಖವಿಟ್ಟುಕೊಂಡು ಕುಳಿತಿದ್ದೆ. ರಾತ್ರಿ ಹನ್ನೆರಡಕ್ಕೆ ಆಟೊ ಹಿಡಿದು ತುರ್ತು ಚಿಕಿತ್ಸೆಗೆ ಹೋದರೆ, ಕಣ್ಣಿನ ಮೇಲ್ಪದರ ಸುಟ್ಟಂತಾಗಿದೆ ಎಂದರು. ನಾಲ್ಕು ದಿನ ಬೆಳಕು ನೋಡಲಾಗಲಿಲ್ಲ. ಆಟೊದವರು ಮೀಟರಿನ ಮೇಲೆ ಒಂದೂವರೆ ಪಟ್ಟು ಕೇಳಿದರು, ಚೌಕಾಸಿ ಮಾಡಲು ಅವರ ಮುಖ ಕಾಣಬೇಕಲ್ಲ!

ಹನುಮಂತನಗರದ ಸಿಸ್ಟರ್ (ಸೋಮವಾರ, ಬೆಳಿಗ್ಗೆ 6:20)

31 ವರ್ಷ ಕಣ್ಣಿನ ವಾರ್ಡಿನಲ್ಲಿ ದುಡಿದು ನಿವೃತ್ತಳಾಗಿದ್ದೇನೆ. ನಾನು ವೈದ್ಯೆಯಲ್ಲ. ಆದರೆ ಇಂಥ ರೆಪ್ಪೆಗಳನ್ನು ಲೆಕ್ಕವಿಲ್ಲದಷ್ಟು ತೊಳೆದಿದ್ದೇನೆ.

ಎವೆಗಳ ಸಾಲಿನ ಹಿಂದೆಯೇ, ರೆಪ್ಪೆಯಂಚಿನಲ್ಲಿ, ಸೂಜಿಮೊನೆಯಷ್ಟು ಸಣ್ಣ ರಂಧ್ರಗಳ ಇನ್ನೊಂದು ಸಾಲಿದೆ. ಅವು ಮೈಬೋಮಿಯನ್ ಗ್ರಂಥಿಗಳ ಬಾಯಿಗಳು. 1666ರಲ್ಲಿ ಅವುಗಳನ್ನು ವಿವರಿಸಿದ ಜರ್ಮನಿಯ ವೈದ್ಯ ಹೈನ್ರಿಕ್ ಮೈಬೋಮ್ ಅವರ ಹೆಸರೇ ನಿಂತುಬಿಟ್ಟಿದೆ. ಮೇಲಿನ ರೆಪ್ಪೆಯಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಗ್ರಂಥಿಗಳು. ಎವೆಯಿಕ್ಕಿದಾಗಲೆಲ್ಲ ಇವು ಚೂರು ಎಣ್ಣೆ ಬಿಡುತ್ತವೆ. ತಿಳಿಸಾರಿನ ಮೇಲೆ ಒಗ್ಗರಣೆಯ ಎಣ್ಣೆ ಹರಡಿಕೊಳ್ಳುವಂತೆ ಅದು ಕಣ್ಣೀರಿನ ಮೇಲೆ ಹರಡಿ, ಕಣ್ಣೀರು ಬೇಗ ಆರದಂತೆ ಕಾಯುತ್ತದೆ. ಈ ಕಾಯಿಲೆ ಹಳೆಯದಾದಾಗ ಹೆಚ್ಚಿನವರಲ್ಲಿ ಆ ಎಣ್ಣೆ ಮಂದವಾಗಿ ಟೂತ್‌ಪೇಸ್ಟಿನಂತಾಗುತ್ತದೆ. ಬಾಯಿ ಕಟ್ಟಿಕೊಳ್ಳುತ್ತದೆ. ಅದಕ್ಕೇ ಕುರು, ಅದಕ್ಕೇ ಉರಿ.

ಡಿಸೆಂಬರಿನಲ್ಲಿ ನಮ್ಮೂರಿನಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಹೆಪ್ಪುಗಟ್ಟಿದರೆ ಏನು ಮಾಡುತ್ತೀರಿ? ಬಿಸಿನೀರಿನಲ್ಲಿ ನಿಲ್ಲಿಸುತ್ತೀರಿ. ಇಲ್ಲಿಯೂ ಅದೇ. ಶಾಖ ಕೊಡಬೇಕು.

ದೊಡ್ಡ ಬಟ್ಟಲಿನಲ್ಲಿ ಬಿಸಿನೀರು, ಎರಡು ಶುಭ್ರವಾದ ಹತ್ತಿ ಬಟ್ಟೆ. ಒಂದು ಮುಚ್ಚಿದ ಕಣ್ಣಿನ ಮೇಲಿದ್ದರೆ ಇನ್ನೊಂದು ನೀರಿನಲ್ಲಿರಲಿ. ಬಟ್ಟೆ ಒಂದೆರಡು ನಿಮಿಷಕ್ಕೇ ತಣ್ಣಗಾಗುತ್ತದೆ, ಬದಲಿಸುತ್ತಲೇ ಇರಬೇಕು. ಹೀಗೆ ಹತ್ತು ನಿಮಿಷ. ಬಿಸಿ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಲಿ, ಮೊದಲು ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ಹಿತವೇ ನೋಡಿಕೊಳ್ಳಿ. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಬೆರಳಿನಿಂದ ಮೆಲ್ಲಗೆ ನೀವಿ, ಎಣ್ಣೆ ಎವೆಗಳ ಕಡೆಗೆ ಬರಬೇಕು. ಗುಡ್ಡೆಯನ್ನು ಒತ್ತಬೇಡಿ. ಕೊನೆಯಲ್ಲಿ ಕುದಿಸಿ ಆರಿಸಿದ ಒಂದು ಸಣ್ಣ ಬಟ್ಟಲು ನೀರಿಗೆ ಮಕ್ಕಳ ಶಾಂಪೂ ಎರಡು ಹನಿ ಹಾಕಿ, ಹತ್ತಿಯಲ್ಲಿ ಅದ್ದಿ ಹಿಂಡಿ, ಎವೆಗಳ ಬುಡವನ್ನು ಒರೆಸಿ ಬರೀ ನೀರಿನಿಂದ ತೊಳೆಯಿರಿ. ಒಂದು ಕಣ್ಣಿನ ಹತ್ತಿಯನ್ನು ಇನ್ನೊಂದಕ್ಕೆ ತರಬೇಡಿ. ಶಾಂಪೂವಿನಿಂದ ಕೆಲವರಿಗೆ ಉರಿ ಹೆಚ್ಚುತ್ತದೆ. ಅಂಥವರು ಬರೀ ನೀರು ಅಥವಾ ಔಷಧದಂಗಡಿಯಲ್ಲಿ ಸಿಗುವ ರೆಪ್ಪೆ ಒರೆಸುವ ಹಾಳೆ ಬಳಸಲಿ.

ದಿನಕ್ಕೆ ಎರಡು ಸಲ, ಒಂದು ತಿಂಗಳು. ಆಮೇಲೆ ಒಂದೇ ಸಲ ಸಾಕು, ಆದರೆ ಬಿಡುವಂತಿಲ್ಲ. ಎಲ್ಲರೂ ಸೋಲುವುದು ಇಲ್ಲೇ. ಕಣ್ಣು ಚೆನ್ನಾಗಾದ ಮರುದಿನವೇ ಬಟ್ಟಲು ಅಟ್ಟ ಸೇರುತ್ತದೆ.

ವಿಜಯನಗರದ ಲೆಕ್ಕಿಗ (7:05)

ಸಿಸ್ಟರ್, ನಮಸ್ಕಾರ. ವೈದ್ಯರು ಕೂಡ ಶಾಖ ಎಂದೇನೋ ಹೇಳಿದ್ದರು. ನಾನು ಸ್ನಾನದ ಬಿಸಿನೀರನ್ನು ಮುಖಕ್ಕೆ ಎರಡು ಸಲ ಎರಚಿಕೊಂಡು ಅದೇ ಶಾಖ ಎಂದುಕೊಂಡಿದ್ದೆ.

ಹನುಮಂತನಗರದ ಸಿಸ್ಟರ್ (7:12)

ಹತ್ತರಲ್ಲಿ ಒಂಬತ್ತು ಜನ ಮಾಡುವುದು ಅದನ್ನೇ.

ಬನಶಂಕರಿ ನಿಸರ್ಗಪ್ರಿಯ (8:40)

ಕೇಳಿದ್ದು ಮನೆಮದ್ದು. ಉತ್ತರ ಶಾಂಪೂ! ರಾಸಾಯನಿಕವನ್ನು ಕಣ್ಣಿಗೆ ಹಾಕಿ ಎನ್ನುವ ಬದಲು ನಂದಿಬಟ್ಟಲಿನಂಥ ಹೂವನ್ನು ಯಾರೂ ಯಾಕೆ ಹೇಳುವುದಿಲ್ಲ? ಹೂವಿನಿಂದ ಯಾವ ಕಂಪನಿಗೂ ಲಾಭವಿಲ್ಲವಲ್ಲ, ಅದಕ್ಕೆ. ನಮ್ಮ ತಾತ ಬೆಳಗಿನ ಇಬ್ಬನಿಯಿದ್ದ ನಂದಿಬಟ್ಟಲನ್ನು ಕಣ್ಣಿಗೊತ್ತಿಕೊಂಡು 88ನೇ ವಯಸ್ಸಿನಲ್ಲಿ ಕನ್ನಡಕವಿಲ್ಲದೆ ಪಂಚಾಂಗ ಓದುತ್ತಿದ್ದರು.

ಹನುಮಂತನಗರದ ಸಿಸ್ಟರ್ (9:15)

ನಿಮ್ಮ ತಾತನವರಿಗೆ ನಮಸ್ಕಾರ. ಅದೇ ಕಾಲದಲ್ಲಿ ಕಣ್ಣು ಕಳೆದುಕೊಂಡವರೂ ಇದ್ದರು. ಅವರು ಪಂಚಾಂಗ ಓದಲಿಲ್ಲ, ಆದ್ದರಿಂದ ಅವರ ಕಥೆ ನಿಮ್ಮವರೆಗೆ ಬರಲಿಲ್ಲ.

ತಂಪಾದ ಹೂವನ್ನು ಮುಚ್ಚಿದ ಕಣ್ಣಿನ ಮೇಲಿಟ್ಟುಕೊಂಡರೆ ನನ್ನದೇನೂ ತಕರಾರಿಲ್ಲ. ರಸ ಹಿಂಡಿ ಒಳಗೆ ಬಿಡುವುದು ಬೇರೆ ಮಾತು. ಹೊಲದಲ್ಲಿ ಭತ್ತದ ಹೊಟ್ಟು ಸಿಡಿದು, ಕಬ್ಬಿನ ಗರಿ ಗೀರಿ, ಅದರ ಮೇಲೆ ಯಾವುದೋ ಎಲೆಯ ರಸ ಬಿಟ್ಟುಕೊಂಡು ಎಂಟು ದಿನದ ಮೇಲೆ ಬರುತ್ತಿದ್ದರು. ಕರಿಗುಡ್ಡೆಯ ಮೇಲೆ ಬಿಳಿಯ ಹುಣ್ಣು, ಶಿಲೀಂಧ್ರದ ಸೋಂಕು. ಗಂಟೆಗೊಮ್ಮೆ ಔಷಧ ಹಾಕಲು ನಾನು ರಾತ್ರಿಯಿಡೀ ಎದ್ದು ಕುಳಿತದ್ದಿದೆ. ಉಳಿದ ಕಣ್ಣುಗಳಿವೆ, ಉಳಿಯದವೂ ಇವೆ. ಹೂವು, ಎಲೆ, ಜೇನು, ಎದೆಹಾಲು, ಪನ್ನೀರು, ಯಾವುದೇ ಇರಲಿ, ಮನೆಯಲ್ಲಿ ಕ್ರಿಮಿಶುದ್ಧ ಮಾಡಲು ಬರುವುದಿಲ್ಲ.

ಇನ್ನೊಂದು ಮಾತು. ಬಿಸಿನೀರು, ಹತ್ತಿ ಬಟ್ಟೆಗಿಂತ ನೈಸರ್ಗಿಕವಾದದ್ದು ಇನ್ನೇನು ಬೇಕು ನಿಮಗೆ?

ಬನಶಂಕರಿ ನಿಸರ್ಗಪ್ರಿಯ (9:31)

ನಿಮ್ಮ ಅನುಭವಕ್ಕೆ ಗೌರವವಿದೆ. ಆದರೆ ಆಯುರ್ವೇದವನ್ನೇ ತಳ್ಳಿಹಾಕಬೇಡಿ.

ವೈದ್ಯವಿದ್ಯಾರ್ಥಿ (11:20)

ಆಯುರ್ವೇದದ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ, ನಾನು ಅದನ್ನೇ ಓದುತ್ತಿರುವವನು. ಸುಶ್ರುತ ಸಂಹಿತೆ 76 ಕಣ್ಣಿನ ರೋಗಗಳನ್ನು ಹೇಳುತ್ತದೆ, ಅವುಗಳಲ್ಲಿ 21 ರೆಪ್ಪೆಗೆ ಸಂಬಂಧಿಸಿದವು, ವರ್ತ್ಮ ರೋಗಗಳು. ಚಿಕಿತ್ಸೆಯಲ್ಲಿ ಬಿಡಾಲಕ ಎಂಬ ಒಂದು ವಿಧಾನವಿದೆ: ಔಷಧದ ಲೇಪವನ್ನು ಮುಚ್ಚಿದ ರೆಪ್ಪೆಯ ಹೊರಗೆ, ಎವೆಗಳನ್ನು ಬಿಟ್ಟು ಹಚ್ಚುವುದು. ಎವೆಗಳನ್ನು ಬಿಟ್ಟು ಎಂಬುದನ್ನು ಗಮನಿಸಿ. ಒಳಗೆ ಏನು ಹಾಕಬೇಕು, ಎಷ್ಟು ತೊಟ್ಟು, ಯಾವ ಹೊತ್ತಿನಲ್ಲಿ ಎಂಬುದಕ್ಕೆ ಅಲ್ಲಿಯೂ ಕಟ್ಟುನಿಟ್ಟಿನ ನಿಯಮಗಳಿವೆ. ಹಿತ್ತಲಿನ ಹೂವನ್ನು ಕಿತ್ತು ಹಿಂಡಿಕೊಂಡು ಅದಕ್ಕೆ ಆಯುರ್ವೇದ ಎಂದು ಹೆಸರಿಟ್ಟರೆ ನಮ್ಮ ಗುರುಗಳು ತರಗತಿಯಿಂದ ಆಚೆ ಕಳಿಸುತ್ತಾರೆ.

ತ್ರಿಫಲಾ ಕಷಾಯದಿಂದ ಕಣ್ಣು ತೊಳೆಯುವವರಿದ್ದಾರೆ. ಸಾಮಾನ್ಯ ಜರಡಿಯಲ್ಲಿ ಸೋಸಿದರೆ ಪುಡಿಯ ಕಣ ಉಳಿದೇ ಉಳಿಯುತ್ತದೆ, ಊದಿಕೊಂಡ ಕಣ್ಣಿಗೆ ಅದು ಮರಳುಕಾಗದ. ಮನೆಯಲ್ಲಿ ಮಾಡಬೇಡಿ ಎಂದೇ ನಾನು ಹೇಳುವುದು.

ಟೌನ್‌ಹಾಲ್ ತಿರುವು (11:26)

ನಿಸರ್ಗಪ್ರಿಯರೇ, ನಿಮ್ಮ ಸಾಕ್ಷಿಯೇ ತಿರುಗಿಬಿದ್ದರು.

ಎಚ್‌ಎಸ್‌ಆರ್ ಬಡಾವಣೆಯ ಬೆರಗು (ಮಧ್ಯಾಹ್ನ 1:10)

ಊಟ ಮಾಡುತ್ತಿರುವವರು ಇದನ್ನು ಆಮೇಲೆ ಓದಿ.

ನಿಮ್ಮ ಎವೆಗಳ ಬುಡದಲ್ಲಿ ಸಣ್ಣ ಪಾರದರ್ಶಕ ಕೊಳವೆಯಂಥ ಹೊಟ್ಟು ಅಂಟಿಕೊಂಡಿದೆಯೇ ನೋಡಿಕೊಳ್ಳಿ. ಇದ್ದರೆ ಅದು ಡೆಮೊಡೆಕ್ಸ್ ಎಂಬ ನುಸಿಯ ಗುರುತು. ಎರಡು ಜಾತಿ. ದೊಡ್ಡದು ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು, ಎವೆಯ ಬುಡದಲ್ಲಿ ತಲೆಕೆಳಗಾಗಿ ವಾಸ. ಚಿಕ್ಕದು ಎಣ್ಣೆ ಗ್ರಂಥಿಯೊಳಗೆ. ರಾತ್ರಿ ನಾವು ಮಲಗಿದ ಮೇಲೆ ಹೊರಗೆ ಬಂದು ಓಡಾಡುತ್ತವೆ. ವಯಸ್ಸಾದಂತೆ ಹೆಚ್ಚುಕಡಿಮೆ ಎಲ್ಲರ ಮುಖದಲ್ಲೂ ಇರುತ್ತವೆ, ಸಂಖ್ಯೆ ಮಿತಿಮೀರಿದರೆ ಮಾತ್ರ ತೊಂದರೆ. ನನ್ನ ಒಂದು ಎವೆಯನ್ನು ಕಿತ್ತು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಕಾಲು ಆಡಿಸುತ್ತಿತ್ತು. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಟೀ ಟ್ರೀ ಸುದ್ದಿ ಹುಟ್ಟಿದ್ದು ಇಲ್ಲಿಂದಲೇ. ಅದರಲ್ಲಿರುವ ಟರ್ಪಿನೆನ್-4-ಓಲ್ ಎಂಬ ಅಂಶ ನುಸಿಯನ್ನು ಕೊಲ್ಲುತ್ತದೆ. ಆದರೆ ಅದೇ ಅಂಶ ಪ್ರಯೋಗಾಲಯದಲ್ಲಿ ಮೈಬೋಮಿಯನ್ ಗ್ರಂಥಿಯ ಜೀವಕೋಶಗಳನ್ನೂ ಕೊಂದಿದೆ. ಆದ್ದರಿಂದ ತೀರಾ ತೆಳುಗೊಳಿಸಿ ತಯಾರಿಸಿದ ಹಾಳೆಯನ್ನು ವೈದ್ಯರು ಹೇಳಿದರೆ, ಹೇಳಿದಷ್ಟು ದಿನ ಮಾತ್ರ. ಅಮೆರಿಕದಲ್ಲಿ 2023ರಲ್ಲಿ ಈ ನುಸಿಗೆಂದೇ ಲೊಟಿಲೇನರ್ ಎಂಬ ಕಣ್ಣಹನಿಗೆ ಒಪ್ಪಿಗೆ ಸಿಕ್ಕಿದೆ.

ಮಲ್ಲೇಶ್ವರದ ಪದ್ಮಕ್ಕ (1:25)

ಊಟ ಮಾಡುತ್ತಲೇ ಓದಿದೆ. ಹುಳಿಯನ್ನ ಹಾಗೇ ಉಳಿಯಿತು.

ಕೋರಮಂಗಲ ಕೀಲಿಮಣೆ (1:33)

ಹಾಗಾದರೆ ನಾನು ಕೊಂದದ್ದು ನುಸಿಯನ್ನಲ್ಲ, ನನ್ನ ಗ್ರಂಥಿಗಳನ್ನು. ಒಳ್ಳೆಯದಾಯಿತು.

ಜಾಲಹಳ್ಳಿ ಸ್ಕೂಟರ್ (4:50)

ಯಾರೂ ದೂಳಿನ ಮಾತೇ ಎತ್ತಲಿಲ್ಲ. ನಾನು ದಿನಾ ಮೆಟ್ರೊ ಕಾಮಗಾರಿ ನಡೆಯುವ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಹೋಗಿ ಬರುತ್ತೇನೆ. ಹೆಲ್ಮೆಟ್ಟಿನ ಗಾಜು ಎತ್ತಿಕೊಂಡು ಓಡಿಸುವ ಅಭ್ಯಾಸವಿತ್ತು. ಗಾಜು ಇಳಿಸಿದ ವಾರಕ್ಕೇ ಅರ್ಧ ಉರಿ ಇಳಿಯಿತು. ಮನೆಗೆ ಬಂದು ಮೊದಲು ಕೈ, ಆಮೇಲೆ ಮುಖ ತೊಳೆಯುತ್ತೇನೆ. ಮುಂಚೆ ಅದೇ ದೂಳಿನ ಕೈಯಲ್ಲಿ ಕಣ್ಣುಜ್ಜುತ್ತಿದ್ದೆ.

ರಾಜರಾಜೇಶ್ವರಿ ನಗರದ ಖಾಲಿ ಸೈಟು (5:15)

ದೂಳಿಗಿಂತ ಕಾಂಗ್ರೆಸ್ ಗಿಡ! ಪಾರ್ಥೇನಿಯಂ. ನಮ್ಮ ಮನೆಯ ಎಡಕ್ಕೊಂದು ಬಲಕ್ಕೊಂದು ಖಾಲಿ ನಿವೇಶನ, ಮಳೆ ಬಿದ್ದ ಮೇಲೆ ಎದೆಯೆತ್ತರ ಬೆಳೆದು ಬಿಳಿ ಹೂ ಬಿಡುತ್ತದೆ. ನನಗೆ ರೆಪ್ಪೆ, ಕತ್ತು, ಮೊಣಕೈ ಮಡಿಕೆ ಎಲ್ಲ ಕಡೆ ಚರ್ಮ ದಪ್ಪಗಾಗಿ ತುರಿಸುತ್ತಿತ್ತು. ಒಂದು ವರ್ಷ ಕಣ್ಣಿನ ಕಾಯಿಲೆ ಎಂದುಕೊಂಡೇ ಓಡಾಡಿದೆ. ಚರ್ಮವೈದ್ಯರು ತೇಪೆ ಹಚ್ಚಿ ಪರೀಕ್ಷೆ ಮಾಡಿ, ಗಿಡದ ಅಲರ್ಜಿ ಎಂದರು. ಲೆಕ್ಕಿಗರೇ, ನಿಮಗೆ ಉರಿಯುವುದು ಅಂಚೋ, ರೆಪ್ಪೆಯ ಚರ್ಮವೋ? ಮನೆಯಲ್ಲಿ ಸಾಕುಪ್ರಾಣಿ ಇದೆಯೇ?

ವಿಜಯನಗರದ ಲೆಕ್ಕಿಗ (5:40)

ಅಂಚು ಮಾತ್ರ. ಬೆಕ್ಕಿದೆ. ಬೆಕ್ಕನ್ನು ಬಿಡಿ ಎನ್ನುವ ಸಲಹೆಯನ್ನು ದಯವಿಟ್ಟು ಯಾರೂ ಕೊಡಬೇಡಿ, ಮನೆಯಲ್ಲಿ ನನಗಿಂತ ಅದಕ್ಕೇ ಮರ್ಯಾದೆ ಹೆಚ್ಚು.

ಗಾಂಧಿಬಜಾರಿನ ಗೆಜ್ಜೆ (6:30)

ಭರತನಾಟ್ಯ ಕಲಿಸುತ್ತೇನೆ. ರಂಗಪ್ರವೇಶ, ಉತ್ಸವ ಎಂದು ತಿಂಗಳಿಗೆ ನಾಲ್ಕೈದು ಸಲ ಕಣ್ಣಿಗೆ ದಟ್ಟವಾಗಿ ಬಣ್ಣ. ಎವೆಗಳ ಒಳಬದಿಯ ತೇವದ ಅಂಚಿಗೆ ಕಾಡಿಗೆ ಎಳೆದರೆ ನೋಡಲು ಚೆಂದ. ಸಿಸ್ಟರ್ ಹೇಳಿದ ರಂಧ್ರಗಳು ಇರುವುದೂ ಅಲ್ಲೇ! ನಾನು ಇಪ್ಪತ್ತು ವರ್ಷ ಅವುಗಳಿಗೆ ಗಾರೆ ಹಾಕುತ್ತಿದ್ದೆನಂತೆ. ಈಗ ಎವೆಗಳ ಹೊರಗೆ ಮಾತ್ರ ಗೆರೆ. ಕಾರ್ಯಕ್ರಮ ಮುಗಿದು ಎಷ್ಟೇ ಸುಸ್ತಾಗಿದ್ದರೂ ಬಣ್ಣ ತೆಗೆಯದೆ ಮಲಗುವುದಿಲ್ಲ. ಪೆನ್ಸಿಲನ್ನು ಶಿಷ್ಯೆಯರು ಹಂಚಿಕೊಳ್ಳುವುದನ್ನೂ ನಿಲ್ಲಿಸಿದ್ದೇನೆ. ಒಬ್ಬಳು ಇನ್ನೂ ಮುನಿಸಿಕೊಂಡಿದ್ದಾಳೆ.

ಮಲ್ಲೇಶ್ವರದ ಪದ್ಮಕ್ಕ (6:44)

ಅಂಗಡಿಯದು ಹಾಗೆ. ಮನೆಯಲ್ಲಿ ಹರಳೆಣ್ಣೆ ದೀಪಕ್ಕೆ ತಟ್ಟೆ ಕವುಚಿ ಹಿಡಿದ ಕಾಡಿಗೆಗೆ ಏನೂ ಆಗುವುದಿಲ್ಲ.

ಹನುಮಂತನಗರದ ಸಿಸ್ಟರ್ (7:02)

ಪದ್ಮಕ್ಕ, ಮಸಿ ಮಸಿಯೇ. ರಂಧ್ರಕ್ಕೆ ಅದು ಯಾರ ಮನೆಯದು ಎಂದು ಗೊತ್ತಾಗುವುದಿಲ್ಲ. ಸುರ್ಮಾ ಅಂತೂ ಬೇಡವೇ ಬೇಡ, ಅದರಲ್ಲಿ ಸೀಸ ಇರುವುದುಂಟು, ಮಕ್ಕಳಿಗೆ ವಿಷ. ನಿಮ್ಮ ಹರಳೆಣ್ಣೆಯ ಪರವಾಗಿ ಮಾತ್ರ ನಾನಿದ್ದೇನೆ, ರೆಪ್ಪೆಯ ಹೊರಗಾದರೆ.

ಎಚ್‌ಎಸ್‌ಆರ್ ಬಡಾವಣೆಯ ಬೆರಗು (7:20)

ಹರಳೆಣ್ಣೆಯ ಬಗ್ಗೆ ನ್ಯೂಜಿಲೆಂಡಿನಲ್ಲಿ ಪ್ರಯೋಗವೇ ನಡೆದಿದೆ. 26 ರೋಗಿಗಳು, ಒಂದು ಕಣ್ಣಿನ ರೆಪ್ಪೆಗೆ ಎಣ್ಣೆ, ಇನ್ನೊಂದು ಕಣ್ಣಿಗೆ ಏನೂ ಇಲ್ಲ, ನಾಲ್ಕು ವಾರ. ಎಣ್ಣೆ ಹಚ್ಚಿದ ಕಡೆ ಕೆಂಪು, ಹೊಟ್ಟು ಕಡಿಮೆಯಾಗಿದೆ. 2021ರಲ್ಲಿ ಪ್ರಕಟವಾಯಿತು. ಚಿಕ್ಕ ಪ್ರಯೋಗ, ಅದನ್ನೇ ಹಿಡಿದು ಕುಣಿಯುವಂತಿಲ್ಲ. ಆದರೂ ತಿಪಟೂರಿನ ಅತ್ತೆಗೆ ಒಂದು ಅಂಕ.

ವಿಜಯನಗರದ ಲೆಕ್ಕಿಗ (7:31)

ಇದನ್ನು ಅತ್ತೆಗೆ ಹೇಳಬಾರದು ಎಂದು ಹೆಂಡತಿಗೆ ಹೇಳುವ ಮುಂಚೆಯೇ ಅವಳು ಫೋನ್ ಮಾಡಿಬಿಟ್ಟಳು.

ಕುಡ್ಲದಿಂದ ಬಂದ ಬೂತಾಯಿ (8:15)

ಮೀನು ತಿನ್ನಿ. ಬೂತಾಯಿ, ಬಂಗುಡೆ. ಒಮೆಗಾ-3. ಮುಗಿಯಿತು.

ಚಾಮರಾಜಪೇಟೆ ಚಟ್ನಿಪುಡಿ (8:22)

ಮೀನು ತಿನ್ನದವರು ಅಗಸೆ ಬೀಜ ಹುರಿದು ಚಟ್ನಿಪುಡಿ ಮಾಡಿಕೊಳ್ಳಿ. ಬೀಜ ಒಂದು ಬಟ್ಟಲು, ಕಡಲೆಬೇಳೆ ಕಾಲು, ಬ್ಯಾಡಗಿ ಎಂಟು, ಹುಣಸೆ, ಉಪ್ಪು, ಇಂಗು. ಇಡ್ಲಿಗೂ ಸೈ, ಜೋಳದ ರೊಟ್ಟಿಗೂ ಸೈ.

ಎಚ್‌ಎಸ್‌ಆರ್ ಬಡಾವಣೆಯ ಬೆರಗು (8:40)

ರುಚಿಗೆ ತಿನ್ನಿ, ಮದ್ದೆಂದು ತಿನ್ನಬೇಡಿ. ಒಣಗಣ್ಣಿನವರಿಗೆ ದಿನಕ್ಕೆ 3000 ಮಿಲಿಗ್ರಾಂ ಮೀನೆಣ್ಣೆಯ ಒಮೆಗಾ-3 ಕೊಟ್ಟು ಒಂದು ವರ್ಷ ಅಮೆರಿಕದಲ್ಲಿ ದೊಡ್ಡ ಪ್ರಯೋಗ ಮಾಡಿದರು. 2018ರಲ್ಲಿ ಫಲಿತಾಂಶ ಬಂತು. ಹೋಲಿಕೆಗೆಂದು ಆಲಿವ್ ಎಣ್ಣೆಯ ಗುಳಿಗೆ ತಿಂದವರಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಕುಡ್ಲದಿಂದ ಬಂದ ಬೂತಾಯಿ (8:43)

ಗುಳಿಗೆ ಬೇರೆ, ಬೂತಾಯಿ ಪುಳಿಮುಂಚಿ ಬೇರೆ. ಆ ಪ್ರಯೋಗವನ್ನು ಮೊದಲು ಮಾಡಲಿ.

ನಾಗರಭಾವಿ ಹೊಟ್ಟು (ಮಂಗಳವಾರ, ಬೆಳಿಗ್ಗೆ 7:50)

ತಲೆಹೊಟ್ಟು ಇದೆಯೇ ಎಂದು ಒಬ್ಬರೂ ಕೇಳಲಿಲ್ಲ! ನನಗೆ ತಲೆ, ಹುಬ್ಬು, ಮೂಗಿನ ಪಕ್ಕ, ಎವೆ ಎಲ್ಲ ಕಡೆಯೂ ಒಂದೇ ಜಿಡ್ಡಿನ ಹೊಟ್ಟು. ಸೆಬೋರಿಕ್ ಡರ್ಮಟೈಟಿಸ್ ಎಂದರು. ತಲೆಗೆ ಕೀಟೊಕೊನಜೋಲ್ ಶಾಂಪೂ ವಾರಕ್ಕೆ ಎರಡು ಸಲ ಹಾಕಿದ ಮೇಲೆ ಕಣ್ಣೂ ಸುಧಾರಿಸಿತು. ಆ ಶಾಂಪೂ ಕಣ್ಣಿಗೆ ತಾಗಬಾರದು, ತಲೆಗೆ ಮಾತ್ರ. ದಿಂಬಿನ ಹೊದಿಕೆಯನ್ನು ವಾರಕ್ಕೆರಡು ಸಲ ಬದಲಿಸಿ. ಒಂದೇ ಟವೆಲಿನಲ್ಲಿ ಮನೆಮಂದಿಯೆಲ್ಲ ಮುಖ ಒರೆಸುವ ಪದ್ಧತಿ ಇದ್ದರೆ ಇಂದೇ ಬಿಡಿ.

ಬನಶಂಕರಿ ನಿಸರ್ಗಪ್ರಿಯ (8:30)

ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಒಳಗೆ ಹಾಕುವುದು ಬೇಡ ಎಂಬುದನ್ನು ಒಪ್ಪಿದೆ. ಆದರೆ ಇಂಗ್ಲಿಷ್ ಔಷಧದವರೂ ಪರಿಶುದ್ಧರೇನಲ್ಲ. ನಮ್ಮ ಬೀದಿಯಲ್ಲಿ ಒಬ್ಬರು ಅಂಗಡಿಯವನು ಕೊಟ್ಟ ಹನಿಯನ್ನು ಚೀಟಿಯಿಲ್ಲದೆ ಒಂದೂವರೆ ವರ್ಷ ಹಾಕಿಕೊಂಡರು. ಹಾಕಿದ ಕೂಡಲೇ ಕೆಂಪು ಮಾಯ. ಈಗ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ.

ಹನುಮಂತನಗರದ ಸಿಸ್ಟರ್ (8:52)

ಇದನ್ನು ದಪ್ಪಕ್ಷರದಲ್ಲಿ ಬರೆಯಬೇಕಿತ್ತು ನೀವು. ಅದು ಸ್ಟೆರಾಯ್ಡ್ ಹನಿ. ವೈದ್ಯರ ಕಣ್ಗಾವಲಿನಲ್ಲಿ ಕೆಲವು ದಿನ ಹಾಕಿದರೆ ಉಪಕಾರ, ಸ್ವಂತ ಬುದ್ಧಿಯಲ್ಲಿ ತಿಂಗಳುಗಟ್ಟಲೆ ಹಾಕಿದರೆ ಗ್ಲಾಕೋಮಾ, ಕಣ್ಣಿನ ಪೊರೆ. ನೀವೂ ನಾನೂ ಒಂದೇ ಪಕ್ಷಕ್ಕೆ ಬಂದೆವು ನೋಡಿ.

ಮತ್ತೊಂದನ್ನು ಹೇಳಿಬಿಡುತ್ತೇನೆ. ನೋವು ಹೆಚ್ಚಾದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಜಾದರೆ ಬಟ್ಟಲು ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೋಗಿ. ಒಂದೇ ಕಣ್ಣಿನಲ್ಲಿ ಮಾತ್ರ ಇದ್ದು ವಾಸಿಯಾಗದಿದ್ದರೆ, ಎವೆಗಳು ಉದುರುತ್ತಿದ್ದರೆ, ವಯಸ್ಸಾದವರಿಗೆ ಒಂದೇ ಜಾಗದಲ್ಲಿ ಗಂಟು ಮತ್ತೆ ಮತ್ತೆ ಎದ್ದರೆ ಅದನ್ನು ರೆಪ್ಪೆಯ ಉರಿ ಎಂದು ಸುಮ್ಮನಿರಬೇಡಿ. ಎಣ್ಣೆ ಗ್ರಂಥಿಯ ಕ್ಯಾನ್ಸರ್ ಕೂಡ ಇದೇ ವೇಷದಲ್ಲಿ ಬರುತ್ತದೆ. ಚೂರು ತೆಗೆದು ಪರೀಕ್ಷಿಸಬೇಕು.

ಪದಪ್ರಿಯ ಶಿವಮೊಗ್ಗ, ಈಗ ಯಲಹಂಕ (9:10)

ಖರ್ಚಿನ ಭಯದಿಂದ ಮುಂದೂಡುವವರಿಗೆ: ಮಿಂಟೊ ಕಣ್ಣಾಸ್ಪತ್ರೆ ಸರ್ಕಾರಿ, 1896ರಿಂದ ಇದೆ. ಬೆಳಿಗ್ಗೆ ಬೇಗ ಹೋಗಿ. ಕಣ್ಣಿನ ಮಾತು ಬಂದಾಗಲೆಲ್ಲ ನನಗೆ 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣು ದಾನವಾದದ್ದು ನೆನಪಾಗುತ್ತದೆ. 2021ರಲ್ಲಿ ಪುನೀತ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು, ಕಾರ್ನಿಯಾದ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯ, ಪದರಗಳನ್ನು ಬಿಡಿಸಿ ಜೋಡಿಸಿದರು.

ಗಾಂಧಿಬಜಾರಿನ ಗೆಜ್ಜೆ (9:18)

ಆ ವಾರವೇ ನಾನೂ ನನ್ನ ಶಿಷ್ಯೆಯರೂ ನೋಂದಾಯಿಸಿದೆವು.

ಜಾಲಹಳ್ಳಿ ಸ್ಕೂಟರ್ (9:25)

ವಿಷಯಕ್ಕೆ ಬನ್ನಿ. ಲೆಕ್ಕಿಗರ ಹೆಂಡತಿಯ ಮಾತನ್ನು ಎಲ್ಲರೂ ನಗೆಯಾಡಿ ಬಿಟ್ಟಿರಿ. ಪರದೆಯನ್ನು ನಾವು ಎವೆಯಿಕ್ಕದೆ ನೋಡುತ್ತೇವೆ ಎನ್ನುವುದು ಬರೀ ನುಡಿಗಟ್ಟಲ್ಲ. ಸುಮ್ಮನೆ ಕುಳಿತಾಗ ನಿಮಿಷಕ್ಕೆ ಹದಿನೈದು ಇಪ್ಪತ್ತು ಸಲ ಎವೆಯಿಕ್ಕುವವರು ಪರದೆಯ ಮುಂದೆ ಅದರ ಅರ್ಧಕ್ಕೆ, ಅದಕ್ಕೂ ಕೆಳಕ್ಕೆ ಇಳಿಯುತ್ತೇವೆ, ಅದನ್ನೂ ಅರೆಬರೆ. ಎವೆಯಿಕ್ಕಿದರೆ ತಾನೇ ಗ್ರಂಥಿ ಎಣ್ಣೆ ಬಿಡುವುದು? ನಾನು ಪರದೆಯ ಅಂಚಿಗೆ "ಮುಚ್ಚು" ಎಂದು ಚೀಟಿ ಅಂಟಿಸಿದ್ದೆ. ಮೇಲಧಿಕಾರಿ ಬಂದು ಯಾವುದನ್ನು ಮುಚ್ಚಬೇಕು ಎಂದು ಕೇಳಿದರು.

ಟೌನ್‌ಹಾಲ್ ತಿರುವು (9:27)

ನಾನು ನಗೆಯಾಡಲಿಲ್ಲ, ಮೊದಲ ಉತ್ತರದಲ್ಲೇ ಹೇಳಿದ್ದೆ. ದಾಖಲೆ ಮೇಲಿದೆ.

ವಿಜಯನಗರದ ಲೆಕ್ಕಿಗ (ಐದು ವಾರಗಳ ನಂತರ, ಭಾನುವಾರ ರಾತ್ರಿ 9:10)

ಹೇಗಿದೆ ಎಂದು ಮೂವರು ಕೇಳಿದ್ದರು, ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲ ವಾರ ಏನೂ ಬದಲಾಗಲಿಲ್ಲ. ನಿಜ ಹೇಳಬೇಕೆಂದರೆ ಉರಿ ಹೆಚ್ಚೇ ಆಯಿತು, ಮಕ್ಕಳ ಶಾಂಪೂ ನನಗೆ ಆಗಿಬರಲಿಲ್ಲ. ಬರೀ ಕುದಿಸಿ ಆರಿಸಿದ ನೀರಿಗೆ ಬಂದೆ. ಬಟ್ಟೆ ಬದಲಿಸಿ ಬದಲಿಸಿ ಸಾಕಾಗಿ, ಹಳೆಯ ಹತ್ತಿ ಕಾಲುಚೀಲಕ್ಕೆ ಅಕ್ಕಿ ತುಂಬಿ, ಹೊಲಿದು, ಮೈಕ್ರೊವೇವಿನಲ್ಲಿ ಬೆಚ್ಚಗೆ ಮಾಡಿಕೊಳ್ಳುತ್ತೇನೆ. ಮೊದಲ ಸಲ ಒಂದು ನಿಮಿಷ ಇಟ್ಟು ಮಣಿಕಟ್ಟಿಗೆ ತಾಗಿಸಿದಾಗ ಸಿಸ್ಟರ್ ನೆನಪಾದರು, ಕಣ್ಣಿಗಿಟ್ಟಿದ್ದರೆ ಬೊಬ್ಬೆ ಏಳುತ್ತಿತ್ತು. ಈಗ ಇಪ್ಪತ್ತೈದು ಸೆಕೆಂಡು. ಮನೆಯಲ್ಲಿ ಅನ್ನದ ವಾಸನೆ.

ಮೂರನೇ ವಾರದಲ್ಲಿ ಒಂದು ದಿನ ಬೆಳಿಗ್ಗೆ ಎದ್ದು ನೇರ ಬಚ್ಚಲಿಗೆ ನಡೆದೆ. ಗೋಡೆ ಹಿಡಿಯಲಿಲ್ಲ ಎಂಬುದು ಹಲ್ಲುಜ್ಜುವಾಗ ಹೊಳೆಯಿತು. ಕೆಂಪು ಪೂರ್ತಿ ಹೋಗಿಲ್ಲ. ಜಿಎಸ್‌ಟಿ ವಾರದಲ್ಲಿ ನಾಲ್ಕು ದಿನ ತಪ್ಪಿಸಿದೆ, ಐದನೆಯ ದಿನ ಮರಳು ವಾಪಸು. ಮುಲಾಮು ಕೊಟ್ಟ ವೈದ್ಯರ ಹತ್ತಿರ ಮತ್ತೆ ಹೋಗಿದ್ದೆ. ನುಸಿಯ ಗುರುತಿಲ್ಲ, ಗ್ರಂಥಿಗಳು ಕಟ್ಟಿಕೊಂಡಿವೆ, ಈಗ ಮಾಡುತ್ತಿರುವುದನ್ನೇ ಮಾಡಿ ಎಂದರು. ಮೊದಲ ಸಲವೂ ಇದನ್ನೇ ಹೇಳಿದ್ದೆ ಎಂದೂ ಸೇರಿಸಿದರು.

ರಾತ್ರಿ ಹರಳೆಣ್ಣೆಯನ್ನೂ ಸವರಿಕೊಳ್ಳುತ್ತಿದ್ದೇನೆ. ಅದರಿಂದಲೋ ಶಾಖದಿಂದಲೋ ಗೊತ್ತಿಲ್ಲ. ಅತ್ತೆಗೆ ಗೊತ್ತಿದೆ.

ಹನುಮಂತನಗರದ ಸಿಸ್ಟರ್ (9:20)

ನಾಲ್ಕು ದಿನ ತಪ್ಪಿಸಿದ್ದಕ್ಕೆ ಬೈಯಬೇಕು, ಇವತ್ತು ಬೇಡ. ಆ ಅಕ್ಕಿಯನ್ನು ಆಗಾಗ ಬದಲಿಸಿ, ಚೀಲವನ್ನೂ ಒಗೆಯಿರಿ.

ವಿಜಯನಗರದ ಲೆಕ್ಕಿಗ (9:26)

ಆಗಲಿ ಸಿಸ್ಟರ್. ಒಂದು ಕೊನೆಯ ಪ್ರಶ್ನೆ ಎಲ್ಲರಿಗೂ. ಆ ಟೀ ಟ್ರೀ ಬಾಟಲಿ ಇನ್ನೂ ಮುಚ್ಚಳ ತೆಗೆಯದೆ ಹಾಗೇ ಇದೆ, 400 ರೂಪಾಯಿ. ಏನು ಮಾಡಲಿ?

ಚಾಮರಾಜಪೇಟೆ ಚಟ್ನಿಪುಡಿ (9:31)

ನೆಲ ಒರೆಸುವ ನೀರಿಗೆ ನಾಲ್ಕು ಹನಿ ಹಾಕಿ, ಮನೆ ಘಮ್ಮೆನ್ನುತ್ತದೆ.

ಎಚ್‌ಎಸ್‌ಆರ್ ಬಡಾವಣೆಯ ಬೆರಗು (9:33)

ಹಾಕಬೇಡಿ! ಟೀ ಟ್ರೀ ಎಣ್ಣೆ ಬೆಕ್ಕಿಗೆ ವಿಷ. ನೆಲದ ಮೇಲೆ ಓಡಾಡಿ ಪಾದ ನೆಕ್ಕಿಕೊಂಡರೆ ಮುಗಿಯಿತು.

ಕೋರಮಂಗಲ ಕೀಲಿಮಣೆ (9:35)

ನನ್ನ ಅರ್ಧ ಬಾಟಲಿಯೂ ಹಾಗೇ ಇದೆ. ಬೇಕಾದವರು ಹೇಳಿ.